ಕ್ಯಾಲ್ಕುಲೇಟರಿನ ಹೊಟ್ಟೆಯೊಳಗಿನ ಅಂಕಿ

ಪೀಣ್ಯ ಎರಡನೇ ಹಂತಕ್ಕೆ ಬಂದು ಹನುಮಂತರಾಯಪ್ಪನವರ ಗೇರ್ ಶೆಡ್ ಎಲ್ಲಿ ಅಂತ ಕೇಳಿದರೆ ಚಿಕ್ಕ ಮಕ್ಕಳೂ ತೋರಿಸುತ್ತಾರೆ. ಹಾಗಂತ ಹೇಳುವವರು ಹನುಮಂತರಾಯಪ್ಪನವರೇ. ನಿಜವಾಗಿ ಕೇಳಿಕೊಂಡು ಬಂದವರನ್ನು ಜನ ಮೊದಲು ಪೌಡರ್ ಕೋಟಿಂಗಿನವರ ಹತ್ತಿರ, ಆಮೇಲೆ ಸ್ಪ್ರಿಂಗ್ ಸುತ್ತುವವರ ಹತ್ತಿರ ಕಳಿಸುತ್ತಾರೆ. ಕೊನೆಗೆ ಕಬ್ಬಿನ ಹಾಲಿನ ಗಾಡಿಯವನು "ಓ, ಆ ಲೆಕ್ಕದ ಅಂಕಲ್ಲಾ?" ಅಂತ ಸರಿಯಾದ ಗೇಟು ತೋರಿಸುತ್ತಾನೆ.

'ಲೆಕ್ಕದ' ಅನ್ನುವುದು ಅವರಿಗೆ ಇಷ್ಟ. 'ಅಂಕಲ್' ಅನ್ನುವುದನ್ನು ಕ್ಷಮಿಸಿದ್ದಾರೆ.

"ಈ ಪೀಣ್ಯ ನಿಂತಿರೋದೇ ನಮ್ಮ ಒಲದ ಮ್ಯಾಲೆ ಕಣ್ರೀ" ಎಂದು ಹೊಸಬರಿಗೆ ಹೇಳುವುದು ಅವರ ರೂಢಿ. ಅಪ್ಪನ ರಾಗಿ ಹೊಲ ಕೈಗಾರಿಕಾ ಪ್ರದೇಶಕ್ಕೆ ಹೋದದ್ದು ಸುಳ್ಳಲ್ಲ. ಅಳತೆ ಹಿಡಿದು ನೋಡಿದರೆ ಆ ಹೊಲದ ಮೇಲೆ ಈಗ ನಿಂತಿರುವುದು ಒಂದು ಟ್ರಾನ್ಸ್‌ಫಾರ್ಮರು, ಅರ್ಧ ಸಾರ್ವಜನಿಕ ಶೌಚಾಲಯ ಮತ್ತು ಉಳಿದ ಮೂಲೆಯಲ್ಲಿ ಅವರದೇ ಶೆಡ್ಡು. ಆದರೆ ಮಾತಾಡುವಾಗ ಟೇಪು ಹಿಡಿದು ಯಾರು ಕೂರುತ್ತಾರೆ?

ಶೆಡ್ಡಿನ ನಡುವೆ ಆನೆ ಮಲಗಿದ ಹಾಗೆ ಒಂದು ಗೇರ್ ಹಾಬಿಂಗ್ ಮೆಷಿನ್ನು. ಅಂದರೆ ಕಬ್ಬಿಣದ ಬಿಲ್ಲೆಗೆ ಹಲ್ಲು ಕಡಿದು ಗೇರ್ ಮಾಡುವ ಯಂತ್ರ. ಯಾವುದೋ ಕಾರ್ಖಾನೆ ಮುಚ್ಚಿದಾಗ ಹರಾಜಿನಲ್ಲಿ ಬಂದದ್ದು. ಯಾವ ದೇಶದ್ದೆಂದು ಹೇಳುವ ಫಲಕ ಇರಲಿಲ್ಲ, ಜೊತೆಗೆ ಬರಬೇಕಾದ ಪುಸ್ತಕವೂ ಬರಲಿಲ್ಲ. ನೇರ ಹಲ್ಲಿನ ಗೇರ್ ಆದರೆ ಅದು ಯಾರು ಹೇಳಿದರೂ ಕಡಿಯುತ್ತದೆ. ಓರೆ ಹಲ್ಲಿನದು, ಅಂದರೆ ಹೆಲಿಕಲ್ ಗೇರ್ ಬೇಕೆಂದರೆ ಅದರ ಪಕ್ಕೆಯಲ್ಲಿ ನಾಲ್ಕು ಚೇಂಜ್ ಗೇರುಗಳನ್ನು ಕೂರಿಸಬೇಕು. ಪೆಟ್ಟಿಗೆಯಲ್ಲಿರುವ ಅಷ್ಟು ಗೇರುಗಳಲ್ಲಿ ಯಾವ ನಾಲ್ಕು ಎನ್ನುವುದಕ್ಕೆ ಒಂದು ಲೆಕ್ಕವಿದೆ. ಆ ಲೆಕ್ಕಕ್ಕೆ ಆ ಯಂತ್ರದ್ದೇ ಸ್ವಂತದ ಒಂದು ಅಂಕಿ ಬೇಕು. ಒಂದೊಂದು ಯಂತ್ರಕ್ಕೆ ಒಂದೊಂದು. ಅದು ಗೊತ್ತಿಲ್ಲದಿದ್ದರೆ ಆನೆಗೂ ಗುಜರಿಗೂ ವ್ಯತ್ಯಾಸವಿಲ್ಲ.

ಹನುಮಂತರಾಯಪ್ಪನವರ ಆನೆಯ ಅಂಕಿ ಇದ್ದದ್ದು ಒಂದು ಜಪಾನೀ ಕ್ಯಾಲ್ಕುಲೇಟರಿನ ಹೊಟ್ಟೆಯಲ್ಲಿ. ಮೊಬೈಲು ಹುಟ್ಟುವುದಕ್ಕೂ ಮುಂಚಿನದು. ಬೂದು ಬಣ್ಣ, ಅಡ್ಡಡ್ಡ ಉದ್ದ, ಮೈತುಂಬ ಗುಂಡಿ. ಕೋನ ಒತ್ತಿ, ಹಲ್ಲಿನ ಅಳತೆ ಒತ್ತಿ, ಕೊನೆಗೆ ಮೂಲೆಯ ದೊಡ್ಡ ಗುಂಡಿ ಒತ್ತಿದರೆ ಸ್ವಲ್ಪ ಹೊತ್ತು ಯೋಚನೆ ಮಾಡಿದಂತೆ ಮಾಡಿ ನಾಲ್ಕು ಅಂಕಿ ಕೊಡುತ್ತಿತ್ತು. ಅದೂ ಪೆಟ್ಟಿಗೆಯಲ್ಲಿ ಇರುವ ಗೇರುಗಳನ್ನೇ ಆರಿಸಿ. ಅದನ್ನು ಹಳದಿ ಬಟ್ಟೆಯಲ್ಲಿ ಸುತ್ತಿ, ಹೆಂಡತಿ ಕಮಲಮ್ಮನ ಚಕ್ಕುಲಿ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಬೀರುವಿನಲ್ಲಿಟ್ಟು, ಬೀರುವಿನ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದರು. ಯಾರಾದರೂ ಡ್ರಾಯಿಂಗ್ ತಂದರೆ ಕೈ ತೊಳೆದು ಕ್ಯಾಬಿನ್ನಿಗೆ ಹೋಗಿ ಬಾಗಿಲು ಹಾಕಿಕೊಳ್ಳುವರು. ಹೊರಗೆ ಬರುವಾಗ ಆಪರೇಷನ್ ಮುಗಿಸಿದ ಸರ್ಜನ್ ಮುಖ. ಚೀಟಿಯಲ್ಲಿ ನಾಲ್ಕು ಅಂಕಿ. "ಮಾಡಿದೀನಿ. ಸ್ವಲ್ಪ ತಲೆ ತಿಂತು" ಎನ್ನುವರು. ಆ ಗೇರುಗಳನ್ನು ತಾವೇ ಪೆಟ್ಟಿಗೆಯಿಂದ ಆರಿಸಿ ಕೊಟ್ಟು, ಚೀಟಿ ಹರಿದು ಹಾಕುವರು.

ಒಳಗೆ ಏನು ನಡೆಯುತ್ತದೆ ಎಂಬುದು ಅವರಿಗೂ ಗೊತ್ತಿರಲಿಲ್ಲ. ಯಾವ ಗುಂಡಿಯ ನಂತರ ಯಾವ ಗುಂಡಿ ಎಂಬುದಷ್ಟೇ ಗೊತ್ತು.

ಆ ಸೋಮವಾರ ಬೆಳಿಗ್ಗೆ ಅಕ್ಕಿ ಗಿರಣಿಯ ಯಂತ್ರ ಮಾಡುವ ಒಂದು ಪಾರ್ಟಿ ಓರೆ ಹಲ್ಲಿನ ಗೇರಿನ ಡ್ರಾಯಿಂಗ್ ಕಳಿಸಿದ್ದರು. ಜೊತೆಗೆ ಅದಕ್ಕೆ ಜೋಡಿಯಾಗಬೇಕಾದ ಗೇರನ್ನೂ ಕಳಿಸಿದ್ದರು, ಹೊಂದಿಸಿ ನೋಡಲಿಕ್ಕೆ. ಹನುಮಂತರಾಯಪ್ಪ ಎಂದಿನಂತೆ ಬಾಗಿಲು ಹಾಕಿ ಡಬ್ಬಿ ತೆರೆದು ಗುಂಡಿ ಒತ್ತಿದರು. ಸ್ಕ್ರೀನಿನಲ್ಲಿ ಅಂಕಿಗಳು ಮಜ್ಜಿಗೆಯಲ್ಲಿ ಬಿದ್ದ ಜೀರಿಗೆಯ ಹಾಗೆ ತೇಲಿ ಬಂದವು. ಓದುವಷ್ಟರಲ್ಲಿ ಮುಳುಗಿದವು. ಕಿಟಕಿಯ ಕಡೆ ಹಿಡಿದರು. ಟ್ಯೂಬ್‌ಲೈಟಿಗೆ ಹಿಡಿದರು. ಕನ್ನಡಕ ಒರೆಸಿದರು. ಕೊನೆಗೆ ಬಾಗಿಲನ್ನು ಒಂದು ಬೆರಳಷ್ಟು ತೆರೆದು "ವೇಣೀ" ಎಂದು ಕರೆದರು.

ವೇಣಿ ಡಿಪ್ಲೊಮಾ ಮಾಡಿದ ಹುಡುಗಿ. ಗೇರಿನ ಅಳತೆ ಸರಿಯಿದೆಯೇ ನೋಡುವುದು, ಬಿಲ್ಲು ಹಾಕುವುದು, ಸಾಹೇಬರ ಸಿಟ್ಟು ಇಳಿಸುವುದು ಮೂರೂ ಅವಳದೇ ಕೆಲಸ.

"ಬ್ಯಾಟರಿ ವೀಕ್ ಆಗಿದೆ ಸಾರ್. ಚೇಂಜ್ ಮಾಡಿದ್ರಾಯ್ತು."

"ಮಾಡಿದ್ರಾಯ್ತು ಅಂತೆ! ಬ್ಯಾಟರಿ ತೆಗೆದ್ರೆ ಒಳಗಿರೋದೆಲ್ಲ ಓಯ್ತದೆ ತಾಯಿ. ಇದು ನಿನ್ನ ಮೊಬೈಲ್ ಅಲ್ಲ."

"ಹಾಗಾದ್ರೆ ಬರ್ಕೊಂಡಿರ್ತೀರಲ್ಲ ಸಾರ್?"

ಹನುಮಂತರಾಯಪ್ಪ ಗೋಡೆಯ ಕ್ಯಾಲೆಂಡರ್ ನೋಡಿದರು.

"ಫೋನಲ್ಲಿ ಆಪ್ ಇದೆ ಸಾರ್, ಚೇಂಜ್ ಗೇರ್ ಲೆಕ್ಕಕ್ಕೆ. ಮೆಷಿನ್ ಅಂಕಿ ಹೇಳಿ, ಹಾಕ್ತೀನಿ."

"ಅದನ್ನೆಲ್ಲ ಇಂಗೆ ಬಾಯಲ್ಲಿ ಏಳಕ್ಕಾಗಲ್ಲ" ಎಂದರು ಅವರು, ಬಹಳ ದೊಡ್ಡ ಗುಟ್ಟನ್ನು ಕಾಯುವವರ ಹಾಗೆ. ಆದರೆ ಹೇಳುವುದಕ್ಕೆ ಅವರ ಹತ್ತಿರ ಏನೂ ಇರಲಿಲ್ಲ.

ಮಧ್ಯಾಹ್ನ ಡಬ್ಬಿಯನ್ನು ಕಂಕುಳಲ್ಲಿ ಹಿಡಿದುಕೊಂಡು ಜಾಲಹಳ್ಳಿ ಕ್ರಾಸಿನ ವಾಚ್ ರಿಪೇರಿ ಅಂಗಡಿಗೆ ಹೋದರು. ಅಂಗಡಿಯವನು "ಕೊಡಿ ಸಾರ್, ಟೀ ಕುಡಿಯೋದ್ರೊಳಗೆ ಹಾಕ್ಕೊಡ್ತೀನಿ" ಎಂದು ಹೆಬ್ಬೆರಳ ಉಗುರನ್ನು ಹಿಂದಿನ ಮುಚ್ಚಳಕ್ಕೆ ಕೊಟ್ಟ. ಹನುಮಂತರಾಯಪ್ಪನವರ ಬಾಯಿಂದ ಬಂದ ಸದ್ದಿಗೆ ಪಕ್ಕದ ಹೂವಿನವಳು ಎದ್ದು ನಿಂತಳು. ಕ್ಯಾಲ್ಕುಲೇಟರನ್ನು ಕಸಿದುಕೊಂಡು, ದೊಡ್ಡ ಬ್ಯಾಟರಿ ಎರಡು, ಚಿಕ್ಕದು ಒಂದು ಕೊಂಡು, ಚಿಲ್ಲರೆ ಕೂಡ ಬಿಟ್ಟು ಬಂದುಬಿಟ್ಟರು.

ಸಂಜೆ ಮನೆಯಲ್ಲಿ ಡಬ್ಬಿ ಊಟದ ಎಲೆಯ ಪಕ್ಕದಲ್ಲೇ ಕೂತಿತ್ತು.

"ಅದಕ್ಕೂ ಬಡಿಸ್ಲಾ?" ಎಂದರು ಕಮಲಮ್ಮ.

"ತಮಾಷೆ ಮಾಡ್ಬೇಡ. ಇದು ಓದ್ರೆ ನಾನು ಓದಂಗೆ."

"ಮುರಿಗೆಪ್ಪ್ನೋರ್ನ ಕೇಳ್ಬಾರ್ದಾ? ಒಳಗೆ ತುಂಬ್ದೋರೇ ಅವ್ರಲ್ವಾ?"

ಹನುಮಂತರಾಯಪ್ಪ ಎಲೆ ಮಡಚಿ ಎದ್ದುಬಿಟ್ಟರು.

ಮುರಿಗೆಪ್ಪ ರಾಣೇಬೆನ್ನೂರಿನ ಕಡೆಯವರು. ಲೆಕ್ಕವೆಂದರೆ ಅವರಿಗೆ ಊಟ. ಒಂದು ಕಾಲದಲ್ಲಿ ಇಬ್ಬರೂ ಪಾಲುದಾರರು. ಹರಾಜಿನ ಆನೆಯನ್ನು ತಂದಾಗ ವಾರಗಟ್ಟಲೆ ಕಬ್ಬಿಣ ಕಡಿದು, ಕೆಡಿಸಿ, ಅಳೆದು, ಮತ್ತೆ ಕೆಡಿಸಿ, ಆ ಅಂಕಿಯನ್ನು ಹುಡುಕಿ ಕ್ಯಾಲ್ಕುಲೇಟರಿಗೆ ತುಂಬಿದವರು ಅವರೇ. ಆಮೇಲೆ ಹೊಸ ಬೋರ್ಡು ಬರೆಸುವ ದಿನ ಬಂತು. ಯಾರ ಹೆಸರು ಮೊದಲು ಎಂಬ ಪ್ರಶ್ನೆಯೂ ಬಂತು. ಹೊಲ ಯಾರದು ಎಂದರು ಇವರು. ತಲೆ ಯಾರದು ಎಂದರು ಅವರು. ಬೋರ್ಡು ಬರೆಯುವವನು ಸಂಜೆಯವರೆಗೆ ಕಾದು ಕುಂಚ ತೊಳೆದುಕೊಂಡು ಹೋದ. ಪಾಲಾಯಿತು. ಪಾಲು ಮಾಡಿದ ರೀತಿಯೂ ಪೀಣ್ಯದ ರೀತಿಯೇ. ಒಬ್ಬರು ಎರಡು ಗುಂಪು ಮಾಡಬೇಕು, ಇನ್ನೊಬ್ಬರು ಆರಿಸಬೇಕು. ಮುರಿಗೆಪ್ಪ ಒಂದು ಕಡೆ ಲೇತು, ಮಿಲ್ಲಿಂಗು, ಡ್ರಿಲ್ಲಿಂಗು ಇಟ್ಟರು. ಇನ್ನೊಂದು ಕಡೆ ಆನೆ ಮತ್ತು ಅದರ ಕ್ಯಾಲ್ಕುಲೇಟರು. ಹನುಮಂತರಾಯಪ್ಪ ಆನೆಯನ್ನು ಆರಿಸಿದರು. ಮುರಿಗೆಪ್ಪ ಹಿಂದಿನ ಕ್ರಾಸಿನಲ್ಲಿ ಬೇರೆ ಶೆಡ್ ಹಾಕಿದರು. ಅಂದಿನಿಂದ ಮೆಟ್ರೋ ಮೆಟ್ಟಿಲಲ್ಲಿ ಎದುರಾದರೆ ಇಬ್ಬರಿಗೂ ಒಟ್ಟಿಗೇ ಫೋನ್ ಬರುತ್ತದೆ.

ಅಂಥವರನ್ನು ಹೋಗಿ ಕೇಳುವುದೆ? ಆದರೆ ಬೆಳಿಗ್ಗೆ ಎದ್ದು ಗುಂಡಿ ಒತ್ತಿ ನೋಡಿದರೆ ಜೀರಿಗೆಯೂ ಕಾಣಲಿಲ್ಲ, ಬರೀ ಮಜ್ಜಿಗೆ. ಅಂಕಿ ಒಳಗಿದೆಯೋ, ಹೋಯಿತೋ? ತೆರೆದು ನೋಡುವಂತಿಲ್ಲ, ಮುಚ್ಚಿ ಇಡುವಂತಿಲ್ಲ.

ಶೆಡ್ಡಿಗೆ ಬಂದವರೇ ವೇಣಿಯನ್ನು ಕರೆದರು. "ಇಂದಿನ ಕ್ರಾಸಿಗೆ ಓಗಿ ಬಾ. ನನ್ನ ಎಸರು ಎತ್ಬೇಡ. ನಮ್ಮ ಚಿಕ್ಕಪ್ಪನ ಅತ್ರ ಒಂದು ಅಳೇ ಕ್ಯಾಲ್ಕುಲೇಟರ್ ಐತೆ, ಬ್ಯಾಟರಿ ಎಂಗೆ ಬದಲಾಯಿಸೋದು ಅಂತ ಕೇಳು. ಸುಮ್ಮನೆ ಕೇಳ್ದಂಗೆ ಕೇಳು."

ವೇಣಿ ಹೋದಳು. ಮುರಿಗೆಪ್ಪ ಲೇತಿನ ಮುಂದೆ ನಿಂತು ಅವಳ ಚಿಕ್ಕಪ್ಪನ ಕಥೆಯನ್ನು ಪೂರ್ತಿ ಕೇಳಿದರು.

"ನಿಮ್ಮ ಚಿಕ್ಕಪ್ಪ ಆ ಕ್ಯಾಲ್ಕುಲೇಟರ್ ಎಲ್ಲಿ ಇಡ್ತಾರವಾ?"

"ಡಬ್ಬಿಲಿ ಸಾರ್."

"ಚಕ್ಲಿ ಡಬ್ಬಿ?"

ವೇಣಿ ಲೇತಿನ ಕೆಳಗೆ ಬಿದ್ದಿದ್ದ ಕಬ್ಬಿಣದ ಚೂರನ್ನು ಕಾಲಲ್ಲಿ ಸರಿಸಿದಳು.

"ಕನ್ನಡಕ ಮೂಗಿನ ತುದೀಗೆ ಹಾಕ್ಕೊಂಡು, ಪೀಣ್ಯ ಎಲ್ಲಾ ನಮ್ಮಪ್ಪನ ಹೊಲ ಅಂತಾರೇನು ನಿಮ್ಮ ಚಿಕ್ಕಪ್ಪ?"

"ಹೂಂ ಸಾರ್" ಎಂದಳು ಅವಳು, ಬೇರೆ ದಾರಿ ಕಾಣದೆ.

ಮುರಿಗೆಪ್ಪ ನಗುತ್ತಾರೆ ಅಂದುಕೊಂಡಿದ್ದಳು. ನಗಲಿಲ್ಲ. ಲೇತು ಆಫ್ ಮಾಡಿ, ಕೈ ಕೂಡ ಒರೆಸಿಕೊಳ್ಳದೆ ಸ್ಕೂಟರಿನ ಕಡೆ ಓಡಿದರು. "ಹತ್ತವಾ, ಲಗೂನ ಹತ್ತು."

ಹನುಮಂತರಾಯಪ್ಪ ತಲೆ ಎತ್ತುವಷ್ಟರಲ್ಲಿ ಹೆಲ್ಮೆಟ್ ಹಾಕಿದ ಒಂದು ಆಕೃತಿ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತಿತ್ತು. ಇಷ್ಟು ವರ್ಷಗಳ ಮೌನದ ನಂತರ ಹಳೇ ಪಾಲುದಾರ ಆಡಿದ ಮೊದಲ ಮಾತು:

"ಮುಟ್ಟೀರೇನು?"

"ಏನು?"

"ಬ್ಯಾಟರಿ. ತಗದೀರೇನು?"

"ಇಲ್ಲ. ನಿಮಗ್ಯಾಕೆ ಅಷ್ಟು ಗಾಬರಿ?" ಎಂದರು ಹನುಮಂತರಾಯಪ್ಪ, ಆದಷ್ಟು ಗಾಂಭೀರ್ಯ ತಂದುಕೊಂಡು.

ಮುರಿಗೆಪ್ಪ ಹೆಲ್ಮೆಟ್ ತೆಗೆದು ಕುರ್ಚಿಯಲ್ಲಿ ಕುಸಿದರು. "ಹನುಮಂತಣ್ಣಾರ, ಆ ಈರೇಶ್ ನಿಮ್ಮ ಹತ್ರ ಓರೆ ಹಲ್ಲಿನ ಜಾಬ್ ತರ್ತಾನಲ್ಲ, ಅವು ಯಾರವು ಅಂತ ತಿಳ್ದೀರಿ?"

"ಈರೇಶಂದು."

"ಈರೇಶಗ ಗೇರ್ ಅಂದ್ರ ಬೈಕಿಂದಷ್ಟ ಗೊತ್ತು. ಅವೆಲ್ಲಾ ನನ್ನವು. ನನ್ನ ಗಿರಾಕಿಗೋಳವು. ನನ್ನ ಹೊಟ್ಟಿನೂ ನಿಮ್ಮ ಡಬ್ಬಿಯಾಗ ಐತ್ರಿ."

ಹನುಮಂತರಾಯಪ್ಪನವರಿಗೆ ಒಂದು ಕ್ಷಣ ಹಿತವೇ ಆಯಿತು. ಈರೇಶ್ ಬಂದಾಗಲೆಲ್ಲ 'ಇದು ಮುರಿಗೆಪ್ಪನ ಕೈಲಿ ಆಗೋ ಕೆಲಸ ಅಲ್ಲ ಬಿಡು' ಎಂದು ಗೇರು ಕೊಡುತ್ತಿದ್ದದ್ದು ನೆನಪಾಗಿ ಹಿತ ಸ್ವಲ್ಪ ಹುಳಿಯಿತು. ಹುಳಿಯನ್ನು ನುಂಗಿಕೊಂಡು, ಬಹಳ ಮೆಲ್ಲಗೆ, ಅಷ್ಟೇನೂ ಮುಖ್ಯವಲ್ಲದ್ದನ್ನು ಕೇಳುವ ಹಾಗೆ ಕೇಳಿದರು: "ಓಗ್ಲಿ, ಆ ಅಂಕಿ ನಿಮಗೆ ನೆನಪೈತಲ್ಲ?"

ಮುರಿಗೆಪ್ಪನೂ ಗೋಡೆಯ ಕ್ಯಾಲೆಂಡರ್ ನೋಡಿದರು.

"ಹನ್ನೊಂದರ ಮ್ಯಾಲೆ ಇತ್ತು. ಹನ್ನೆರಡರ ಕಡೆ. ಆಮ್ಯಾಲಿನ ಅಂಕಿಗೋಳು... ಚಿಪ್ಪಿಗೆ ಹಾಕಿದ ಮ್ಯಾಲೆ ತಲಿಯಾಗ ಯಾಕ ಇಟ್ಕೊಳ್ಳಲಿ ಅಂತ ಬಿಟ್ಟಬಿಟ್ಟೆ."

ಪೀಣ್ಯದ ಇಬ್ಬರು ದೊಡ್ಡ ಲೆಕ್ಕದವರು, ಇಬ್ಬರಿಗೂ ಗೊತ್ತಿಲ್ಲದ ಒಂದು ಅಂಕಿ, ನಡುವೆ ಒಂದು ಚಕ್ಕುಲಿ ಡಬ್ಬಿ.

"ಮೊದಲು ಸ್ಕ್ರೀನ್ ಮೇಲೆ ತೆಗೆದು ಫೋಟೋ ಹೊಡ್ಕೊಳ್ಳೋಣ ಸಾರ್" ಎಂದಳು ವೇಣಿ.

ಮುರಿಗೆಪ್ಪ ಎರಡು ಗುಂಡಿ ಒತ್ತಿ ನೋಡಿದರು. ಬೂದು ಮಜ್ಜಿಗೆ ಒಮ್ಮೆ ನಡುಗಿತು. "ಬ್ಯಾಡ. ಇನ್ನೊಂದ್ ಒತ್ತಿದ್ರ ಉಸಿರು ನಿಲ್ತತಿ. ಮೊದಲ ಬ್ಯಾಟರಿ, ಆಮ್ಯಾಲೆ ಓದೋಣು." ಆಮೇಲೆ ವೇಣಿಗೆ ಹೇಳಿದರು: "ಇದು ಪೆನ್‌ಡ್ರೈವ್ ಇದ್ದಂಗ ಅಲ್ಲವಾ. ಪೆನ್‌ಡ್ರೈವ್ ಉಪವಾಸ ಇದ್ರೂ ನೆನಪಿಡ್ತತಿ. ಈ ಹಳೇ ಚಿಪ್ಪಿಗೆ ಒಂದು ಹನಿ ಕರೆಂಟ್ ಹರೀತನ ಇರಬೇಕು. ಹನಿ ತಪ್ಪಿದ್ರ ಹುಟ್ಟಿದ್ದೂ ನೆನಪಿರಂಗಿಲ್ಲ. ಅದಕ್ಕ ಎರಡು ಮನಿ ಮಾಡ್ಯಾರ. ದೊಡ್ಡ ಬ್ಯಾಟರಿ ತಗಿಯುವಾಗ ಚಿಕ್ಕದು ಕಾಯ್ತತಿ, ಚಿಕ್ಕದು ತಗಿಯುವಾಗ ದೊಡ್ಡವು ಕಾಯ್ತಾವು. ಎರಡೂ ಕೂಡೇ ತಗೀಬಾರ್ದು, ಅಷ್ಟ."

ಹನುಮಂತರಾಯಪ್ಪ ಹೊರಗೆ ಹೋಗಿ ಎಲ್ಲ ಮೆಷಿನ್ ನಿಲ್ಲಿಸಲು ಹೇಳಿದರು. ನೆಲ ನಡುಗಬಾರದು. ಕಂಪ್ರೆಸರ್ ಕೂಡ ನಿಂತಿತು. ಅಷ್ಟು ನಿಶ್ಶಬ್ದವನ್ನು ಆ ಶೆಡ್ಡು ಕೆಲಸದ ದಿನ ಕೇಳಿರಲಿಲ್ಲ. ಪಕ್ಕದ ಪೌಡರ್ ಕೋಟಿಂಗಿನವನು ಗೋಡೆಯ ಮೇಲಿಂದ ತಲೆ ತೂರಿಸಿ "ಕರೆಂಟ್ ಹೋಯ್ತಾ ಗುರು?" ಎಂದ.

"ಇಲ್ಲ, ಓಗ್ದಂಗೆ ನೋಡ್ಕೊತಿದೀವಿ" ಎಂದು ಬಾಗಿಲು ಹಾಕಿದರು.

ಮೇಜಿನ ಮೇಲೆ ಬಿಳೀ ಹಾಳೆ. ಮುರಿಗೆಪ್ಪ ಪುಟ್ಟ ಮುಚ್ಚಳ ಜಾರಿಸಿ ಚಿಕ್ಕ ಬ್ಯಾಟರಿ ತೆಗೆದು ಹೊಸದನ್ನು ಕೂರಿಸಿದರು. ಹನುಮಂತರಾಯಪ್ಪ ಟಾರ್ಚು ಹಿಡಿದಿದ್ದರು, ಬೆಳಕು ಮೇಜಿಗಿಂತ ಹೆಚ್ಚು ಗೋಡೆಯ ಮೇಲೆ ಕುಣಿಯುತ್ತಿತ್ತು.

"ಚಿಕ್ಕದು ಆತು. ಈಗ ಅದು ಕಾಯ್ತತಿ. ದೊಡ್ಡವು ತಗೀತೀನಿ. ತಗೀಲೇನು?"

"ತಗೀರಿ... ತಡೀರಿ. ಊಂ, ತಗೀರಿ."

ತೆಗೆದರು. ಹಾಕಿದರು. ಉಸಿರು ಒಳಗೆಳೆದು ಬಿಡುವಷ್ಟೂ ಹೊತ್ತಾಗಲಿಲ್ಲ. ಮುಚ್ಚಳ ಮುಚ್ಚಿ ಗುಂಡಿ ಒತ್ತಿದರು.

ಸ್ಕ್ರೀನು ಬಂತು. ತೊಳೆದ ಸ್ಲೇಟಿನಂತೆ ಫಳಫಳ. ಅಂಥ ಸ್ವಚ್ಛವಾದ ಸ್ಕ್ರೀನನ್ನು ಹನುಮಂತರಾಯಪ್ಪ ಎಂದೂ ನೋಡಿರಲಿಲ್ಲ. ಅವರ ಮುಖ ಅರಳಿತು. ಮುರಿಗೆಪ್ಪನ ಮುಖ ಮಾತ್ರ ಅರಳಲಿಲ್ಲ. ಕೋನ ಒತ್ತಿದರು, ಅಳತೆ ಒತ್ತಿದರು, ಮೂಲೆಯ ಗುಂಡಿ ಒತ್ತಿದರು. ಸೊನ್ನೆ. ಮತ್ತೆ ಒತ್ತಿದರು. ಸೊನ್ನೆ. ಕಾರ್ಖಾನೆಯಿಂದ ಇಂದೇ ಇಳಿದು ಬಂದ ಮಗುವಿನ ಹಾಗೆ ಅದು ಎಲ್ಲದಕ್ಕೂ ಸೊನ್ನೆ ತೋರಿಸುತ್ತಿತ್ತು.

"ಚಿಕ್ಕದು ಕಾಯ್ಬೇಕಿತ್ತಲ್ರಿ" ಎಂದು ಮುರಿಗೆಪ್ಪ ತಮಗೇ ಹೇಳಿಕೊಂಡು ಸ್ಕ್ರೂ ತೆಗೆದು ಹಿಂಬದಿಯನ್ನು ಪೂರಾ ಬಿಚ್ಚಿದರು. ಒಳಗೆ ಹಸಿರು ಹಲಗೆ. ಅದರ ಮೇಲೆ ಉಗುರಿನಷ್ಟು ಕಪ್ಪು ಚಿಪ್ಪು, ಎರಡೂ ಕಡೆ ಸಣ್ಣ ಕಾಲು ಚಾಚಿಕೊಂಡು, ಸತ್ತ ಜಿರಲೆಯ ಹಾಗೆ. ಚಿಕ್ಕ ಬ್ಯಾಟರಿ ಕೂರುವ ಕಡೆಯ ತಗಡಿನ ಮೇಲೆ ಏನೋ ಹಕ್ಕಳೆಗಟ್ಟಿತ್ತು. ಕೆಳಗೆ ಹಳದಿ, ಮೇಲೆ ಕೆಂಪು, ನಡುವೆ ಹಸಿರು ಕಿಲುಬು. ಮುರಿಗೆಪ್ಪ ಸೂಜಿಯಿಂದ ಕೆರೆದು ಮೂಸಿದರು.

"ಇದೇನ್ರಿ ಇದು?"

ಹನುಮಂತರಾಯಪ್ಪ ಟಾರ್ಚು ಆರಿಸಿದರು. "ಪೂಜೆ" ಎಂದರು.

ಪ್ರತಿ ಆಯುಧಪೂಜೆಗೆ ಲೇತಿಗೆ, ಆನೆಗೆ, ಸ್ಪ್ಯಾನರಿಗೆ ಹಚ್ಚಿದಂತೆ ಕ್ಯಾಲ್ಕುಲೇಟರಿಗೂ ನೀರಲ್ಲಿ ಕಲಸಿದ ಗಂಧ, ಅದರ ಮೇಲೆ ಕುಂಕುಮ. ಸ್ಕ್ರೀನಿಗೆ ಹಚ್ಚಿದರೆ ಅಂಕಿ ಕಾಣುವುದಿಲ್ಲವೆಂದು ಹಿಂಬದಿಗೆ ಹಚ್ಚುತ್ತಿದ್ದರು. ಬೇರೆಯವರ ಕೈಗೆ ಕೊಡದೆ ಸ್ವತಃ ತಾವೇ, ಧಾರಾಳವಾಗಿ. ಅದು ಮುಚ್ಚಳದ ಸಂದಿನಿಂದ ವರ್ಷ ವರ್ಷವೂ ಇಳಿದು ಗಟ್ಟಿಯಾಗಿತ್ತು. ಕಾವಲಿನ ಬ್ಯಾಟರಿ ಎಷ್ಟೋ ಕಾಲದಿಂದ ತಗಡನ್ನೇ ಮುಟ್ಟಿರಲಿಲ್ಲ, ಬರೀ ಗಂಧದ ಮೇಲೆ ಕೂತಿತ್ತು.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇನ್ನು ಮೇಲೆ ಡ್ರಾಯಿಂಗ್ ತಂದವರಿಗೆ ಏನು ಹೇಳುವುದು? ಆನೆಯನ್ನು ಕೊಳ್ಳಲು ಗುಜರಿಯವನು ಬಂದು ಬೆರಳಲ್ಲಿ ತಟ್ಟಿ ನೋಡುವುದು, ಕಬ್ಬಿನ ಹಾಲಿನವನು 'ಲೆಕ್ಕದ' ಅನ್ನುವುದನ್ನು ಬಿಟ್ಟು ಬರೀ ಅಂಕಲ್ ಅನ್ನುವುದು, ಎಲ್ಲ ಹನುಮಂತರಾಯಪ್ಪನವರ ಕಣ್ಣಿಗೆ ಬಂತು.

ಮುರಿಗೆಪ್ಪ ತಟ್ಟನೆ ತಲೆ ಎತ್ತಿದರು. "ಕಡೀ ಜಾಬ್ ಯಾವ್ದು ಮಾಡೀರಿ ಆ ಮೆಷಿನ್ ಮ್ಯಾಲೆ? ಓರೆ ಹಲ್ಲಿಂದೇನು?"

"ಊಂ. ಶನಿವಾರ."

"ಚೇಂಜ್ ಗೇರ್ ಅದ್ರ ಮ್ಯಾಲೇ ಅದಾವೇನು ಇನ್ನಾ? ಇದ್ರ ಗೆದ್ವಿ! ಆ ನಾಲ್ಕರಿಂದ ಹಿಂದಕ ಲೆಕ್ಕಾ ಮಾಡಿದ್ರ ಅಂಕಿ ಸಿಗ್ತತಿ!"

ಆಗ, ಆ ನಿಶ್ಶಬ್ದದಲ್ಲಿ, ಹೊರಗೆ ಸ್ಪ್ಯಾನರ್ ತಿರುಗುವ ಸದ್ದು. ಅದರ ಹಿಂದೆಯೇ 'ಡುಬುಕ್'.

ಮೂವರೂ ಒಂದೇ ಬಾಗಿಲಲ್ಲಿ ಒಟ್ಟಿಗೆ ಹೊರಬೀಳಲು ನೋಡಿ ಒಂದು ಕ್ಷಣ ಅಲ್ಲೇ ಸಿಕ್ಕಿಕೊಂಡರು.

ಆನೆಯ ಪಕ್ಕದಲ್ಲಿ ಯಮನೂರ ಕೂತಿದ್ದ. ಯಲಬುರ್ಗಾದ ಕಡೆಯ ಆಪರೇಟರು, ಸುಮ್ಮನೆ ಕೂರುವುದು ಗೊತ್ತಿಲ್ಲದ ಮನುಷ್ಯ. ಮೆಷಿನ್ ನಿಲ್ಲಿಸಿ ಎಂದಾಗ, ಹೇಗೂ ನಿಂತಿದೆಯಲ್ಲ ಎಂದು ಮುಂದಿನ ಜಾಬಿಗೆ ಗೇರ್ ಬಿಚ್ಚಿ ತೊಳೆಯಲು ಶುರು ಮಾಡಿದ್ದ. ಎದುರಿಗೆ ಸೀಮೆಎಣ್ಣೆಯ ಬೋಗುಣಿ, ಅದರ ತುಂಬ ಪೆಟ್ಟಿಗೆಯ ಗೇರುಗಳು.

"ನಿಲ್ಸೋ!" ಎಂದರು ಹನುಮಂತರಾಯಪ್ಪ. "ಮುಟ್ಬೇಡ! ಕೈ ಎತ್ತು!"

ಯಮನೂರ ಪೊಲೀಸರನ್ನು ಕಂಡವನಂತೆ ಎರಡೂ ಕೈ ಎತ್ತಿದ. ಮೊಣಕೈಗೆ ಸೀಮೆಎಣ್ಣೆ ಇಳಿಯಿತು.

"ಎಷ್ಟ ಬಿಚ್ಚೀಯೋ ತಮ್ಮಾ?" ಎಂದರು ಮುರಿಗೆಪ್ಪ.

"ಒಂದ್ರಿ. ಇನ್ನ ಮೂರು ಮ್ಯಾಲೇ ಅದಾವ್ರಿ."

"ಬಿಚ್ಚಿದ್ದು ಎಲ್ಲೈತಿ?"

ಯಮನೂರ ಎತ್ತಿದ ಕೈಯಿಂದಲೇ ಬೋಗುಣಿ ತೋರಿಸಿದ. "ಅದ್ರಾಗರಿ. ಎಲ್ಲಾದ್ರ ಕೂಡ."

"ಯಾವುದು ಅಂತ ನೋಡ್ಲಿಲ್ವೇನೋ? ಮೇಲೆ ನಂಬರ್ ಒಡೆದಿರ್ತದಲ್ಲೋ!"

"ನಂಬರ್ ನೋಡೂದು ನಿಮ್ಮ ಕೆಲಸ ಅಂತ ನೀವ ಹೇಳೀರಲ್ರಿ ಸಾಹೇಬ್ರ. ನೀ ಬರೇ ಹಾಕೋ, ಬಿಚ್ಚೋ ಅಂದೀರಿ."

ಹೇಳಿದ್ದು ನಿಜ. ಬಹಳ ಜನರ ಮುಂದೆಯೇ ಹೇಳಿದ್ದರು.

ಮುರಿಗೆಪ್ಪ ಪ್ಯಾಂಟು ನೋಡದೆ ಎಣ್ಣೆ ನೆಲದ ಮೇಲೆ ಮಂಡಿಯೂರಿದರು. ಮೇಲಿರುವ ಮೂರರ ಹಲ್ಲು ಗೊತ್ತು. ಬೋಗುಣಿಯಿಂದ ಒಂದೊಂದನ್ನೇ ಎತ್ತಿ ಹೇಳುತ್ತಾ ಹೋದರು. ವೇಣಿ ಶನಿವಾರದ ಡ್ರಾಯಿಂಗನ್ನು ತೊಡೆಯ ಮೇಲಿಟ್ಟುಕೊಂಡು ಫೋನಿನಲ್ಲಿ ಹಿಂದಿನಿಂದ ಲೆಕ್ಕ ಹಾಕಿದಳು. ಒಂದಕ್ಕೆ ಒಂಬತ್ತು ಚಿಲ್ಲರೆ ಬಂತು. ಇನ್ನೊಂದಕ್ಕೆ ಹದಿನಾಲ್ಕು. ಬೇಡ, ಬೇಡ. ಹನುಮಂತರಾಯಪ್ಪ ಒಂದೊಂದು ಉತ್ತರಕ್ಕೂ ಕಂಬವನ್ನು ಹಿಡಿಯುವರು, ಬಿಡುವರು.

"ನಲವತ್ತೆಂಟು ಹಲ್ಲು."

"ಹನ್ನೊಂದು ಪಾಯಿಂಟ್ ನಾಲ್ಕು ಆರು ಸಾರ್."

"ಹನ್ನೊಂದು! ಬಂತು!" ಎಂದರು ಹನುಮಂತರಾಯಪ್ಪ.

"ತಡೀರಿ, ಇನ್ನೊಂದೈತಿ. ಐವತ್ತು ಹಲ್ಲು."

"ಹನ್ನೊಂದು ಪಾಯಿಂಟ್ ಒಂಬತ್ತು ಮೂರು ಆರು ಆರು."

ಎರಡು ಹನ್ನೊಂದುಗಳು ಸೀಮೆಎಣ್ಣೆ ತೊಟ್ಟಿಕ್ಕುತ್ತಾ ಮುರಿಗೆಪ್ಪನ ಎರಡು ಕೈಯಲ್ಲಿದ್ದವು.

"ಹನ್ನೆರಡರ ಕಡೆ ಅಂದ್ರಲ್ಲ?" ಎಂದರು ಹನುಮಂತರಾಯಪ್ಪ. "ಆಗ ಅಂಗಂದ್ರಿ."

"ಅಂದೆ. ಆದ್ರ ಆಗ ಭಾಳ ಧೈರ್ಯದಿಂದ ಅಂದೆ. ಈಗ ಯಾಕೋ..." ಮುರಿಗೆಪ್ಪನ ಹಣೆಯ ಬೆವರು ಬೋಗುಣಿಗೆ ಬಿತ್ತು. "ಕಡದ ನೋಡಬೇಕು. ಬ್ಯಾರೆ ಹಾದಿ ಇಲ್ಲ."

ಐವತ್ತನ್ನೇ ನಂಬಿ, ಆ ಅಂಕಿ ಹಾಕಿ ಗಿರಣಿಯವರ ಗೇರಿಗೆ ಬೇಕಾದ ನಾಲ್ಕನ್ನು ವೇಣಿ ಹುಡುಕಿದಳು. ಆಪ್ ಕೊಡುವ ಗೇರು ಪೆಟ್ಟಿಗೆಯಲ್ಲಿಲ್ಲ, ಪೆಟ್ಟಿಗೆಯಲ್ಲಿರುವುದು ಆಪಿಗೆ ಬೇಡ. ಮುರಿಗೆಪ್ಪ ಬೈಯುತ್ತಾ, ವೇಣಿ ಹೊಂದಿಸುತ್ತಾ ಕೊನೆಗೊಂದು ಜೊತೆ ಆಯಿತು. ಯಮನೂರ ಕೂರಿಸಿದ. ಆನೆ ಎದ್ದಿತು. ಬಿಲ್ಲೆಯ ಮೇಲೆ ಕಾವು ಆರಿಸುವ ಹಾಲಿನಂತಹ ಕೂಲೆಂಟ್ ಹರಿಯಿತು, ಕಬ್ಬಿಣದ ಸಿಪ್ಪೆ ಸುರುಳಿಯಾಗಿ ಬಿತ್ತು.

ಗೇರು ಕಡಿಯುವಾಗ ನೋಡಿದರೆ ಏನೂ ತಿಳಿಯುವುದಿಲ್ಲ. ತಪ್ಪು ಹಲ್ಲೂ ಸರಿ ಹಲ್ಲಿನಷ್ಟೇ ಚೆಂದ ಕಾಣುತ್ತದೆ. ಅದು ಹನುಮಂತರಾಯಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಟೀ ಬಂತು, ಆರಿತು. ಯಾರದೋ ಫೋನು ಬಡಿದುಕೊಂಡು ಸುಮ್ಮನಾಯಿತು. ಮುರಿಗೆಪ್ಪ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತಿದ್ದರು. ಬೋರ್ಡಿನ ಮಾತು ಇಬ್ಬರ ನಾಲಿಗೆಯ ತುದಿಗೂ ಬಂದಿರಬೇಕು, ಆದರೆ ಆಡುವ ಹೊತ್ತಲ್ಲ ಅದು.

"ಆಗ್ಲಿಲ್ಲ ಅಂದ್ರೆ?" ಎಂದರು ಹನುಮಂತರಾಯಪ್ಪ.

"ನಲವತ್ತೆಂಟು ಐತಲ್ರಿ."

"ಅದೂ ಆಗ್ಲಿಲ್ಲ ಅಂದ್ರೆ?"

"ಸುಮ್ಮನ ಕೂಡ್ರಿ ಹನುಮಂತಣ್ಣಾರ."

ಗೇರು ಇಳಿಯಿತು. ವೇಣಿ ಅದರ ಹಲ್ಲುಗಳಿಗೆ ನೀಲಿ ಬಣ್ಣ ತೆಳ್ಳಗೆ ಹಚ್ಚಿ, ಗಿರಣಿಯವರು ಕಳಿಸಿದ್ದ ಜೋಡಿ ಗೇರಿನ ಜೊತೆ ಸ್ಟ್ಯಾಂಡಿಗೆ ಹಾಕಿ ಮೆಲ್ಲಗೆ ತಿರುಗಿಸಿದಳು. ನೀಲಿ ಜೋಡಿಯ ಹಲ್ಲಿನ ಉದ್ದಕ್ಕೂ ಹತ್ತಿದರೆ ಓರೆ ಸರಿ. ಮೂಲೆಗೆ ಮಾತ್ರ ಹತ್ತಿದರೆ ಕಬ್ಬಿಣ ದಂಡ, ಅಂಕಿ ಸುಳ್ಳು. ಒಂದು ಸುತ್ತು ತಿರುಗಿಸಿ, ಜೋಡಿ ಗೇರನ್ನು ಬಿಚ್ಚಿ ಬೆಳಕಿಗೆ ಹಿಡಿದಳು. ಹನುಮಂತರಾಯಪ್ಪ ನೋಡಲಿಲ್ಲ. ಮುಖ ತಿರುಗಿಸಿಕೊಂಡು "ಏಳು, ಏಳ್ಬಿಡು" ಎಂದರು.

"ಉದ್ದಕ್ಕೂ ಇದೆ ಸಾರ್."

"ಎಲ್ಲಾ ಅಲ್ಲಿಗೂ?"

"ಎಲ್ಲಾ ಹಲ್ಲಿಗೂ."

ಅವರು ತಿರುಗಿ ಗೇರನ್ನು ಇಸಿದುಕೊಂಡು ಒಂದೊಂದು ಹಲ್ಲನ್ನೂ ಬೆರಳಿಂದ ಸವರಿದರು. ಬೆರಳೆಲ್ಲ ನೀಲಿ. ಕಣ್ಣೊರೆಸಿಕೊಂಡಾಗ ಕೆನ್ನೆಗೂ ನೀಲಿ. ಯಾರೂ ಹೇಳಲಿಲ್ಲ.

"ಅಂಕಿ ಸೇವ್ ಮಾಡಿದೀನಿ ಸಾರ್" ಎಂದಳು ವೇಣಿ ಫೋನ್ ತೋರಿಸಿ. "ಕ್ಲೌಡಲ್ಲೂ ಹಾಕಿದೀನಿ."

"ಅದಕ್ಕೂ ಬ್ಯಾಟರಿ ಅಲ್ವಾ?"

"ಅದು ಬೇರೆ ಸಾರ್..."

"ಬ್ಯಾರೆ ಇರ್ಲಿ. ಮಾಡಿರೋದು ಒಳ್ಳೇದೇ." ಅವರು ಆನೆಗೆ ಬೆನ್ನು ಕೊಟ್ಟು ನಿಂತರು. ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡೇ ಈವರೆಗೆ ಬದುಕಿದ ಆ ಅಂಕಿಯನ್ನು ಹೀಗೆ ಬಯಲಲ್ಲಿ ಆಡುವುದು ಅವರಿಗೆ ಬಟ್ಟೆ ಬಿಚ್ಚಿದಷ್ಟೇ ಸಂಕೋಚ. "ಈಗ ಎಲ್ರೂ ಇಲ್ಲಿ ಬನ್ನಿ. ನಾನೇಳ್ತೀನಿ, ನೀವೂ ಏಳಿ. ಹನ್ನೊಂದು ಪಾಯಿಂಟ್..."

"ಹನ್ನೊಂದು ಪಾಯಿಂಟ್" ಎಂದರು ಮೂವರೂ. ಮುರಿಗೆಪ್ಪ ಮೊದಲು ನಕ್ಕರು, ಆಮೇಲೆ ಅವರ ಮುಖ ನೋಡಿ ಗಟ್ಟಿಯಾಗಿಯೇ ಹೇಳಿದರು. ಕಂಪ್ರೆಸರ್ ಮತ್ತೆ ಶುರುವಾಗಿತ್ತು, ಕೂಗಿ ಹೇಳಬೇಕಾಯಿತು. ಒಮ್ಮೆ, ಇನ್ನೊಮ್ಮೆ, ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ. ಪೌಡರ್ ಕೋಟಿಂಗಿನವನು ಮತ್ತೆ ಗೋಡೆಯ ಮೇಲಿಂದ ತಲೆ ಹಾಕಿ, ಏನೂ ಕೇಳದೆ ಇಳಿದ.

"ಇನ್ನೊಂದ್ ಸಲ. ಹನ್ನೊಂದು ಪಾಯಿಂಟ್ ಒಂಬತ್ತು ಮೂರು ಆರು..." ಎಂದು ಹನುಮಂತರಾಯಪ್ಪ ನಿಲ್ಲಿಸಿದರು.

"ಆರು ಎರಡ ಸಲರಿ ಸಾಹೇಬ್ರ" ಎಂದ ಯಮನೂರ.

ಬೇರೆ ದಿನವಾಗಿದ್ದರೆ ಯಮನೂರನಿಗೆ ಅವನ ಕೆಲಸ ಯಾವುದೆಂದು ನೆನಪಿಸುತ್ತಿದ್ದರು. ಇಂದು ನೀಲಿ ಕೆನ್ನೆಯ ಮುಖವನ್ನು ಅವನ ಕಡೆ ತಿರುಗಿಸಿ, "ಎರಡ್ ಸಲ" ಎಂದರು. "ಎರಡ್ ಸಲ. ನೀನೇ ಏಳಪ್ಪ ಮುಂದೆ, ನಾನು ನಿನ್ ಇಂದೆ ಏಳ್ತೀನಿ."